ಗೋಡೆಗೆ ಮುಖ ಮಾಡಿದ ಬೆಂಚು

ಚಾಕಣದ ನಮ್ಮ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗವನ್ನು ಹಳೆಯ ಶೆಡ್ಡಿನಿಂದ ಹೊಸದಕ್ಕೆ ಸಾಗಿಸುತ್ತಿದ್ದಾರೆ. ಹೋದ ವಾರ ಮೇಜಿನ ಕೆಳಗಿನ ಖಾನೆಯನ್ನು ಬರಿದು ಮಾಡುವಾಗ ಆರಿಂಚಿನ ಸ್ಟೀಲ್ ಸ್ಕೇಲೊಂದು ಸಿಕ್ಕಿತು. ಅದರ ಕೊರೆದ ಗೆರೆಗಳಲ್ಲಿ ಬಿಳಿ ಪುಡಿ ಕೂತಿತ್ತು. ಉಗುರಿನಿಂದ ಕೆರೆದು ಮೂಗಿಗೆ ಹಿಡಿದೆ. ಜಿಮ್ನಾಸ್ಟಿಕ್ಸ್ ಮಾಡುವ ಮಕ್ಕಳು ಕೈ ಜಾರದಿರಲೆಂದು ಅಂಗೈಗೆ ತಿಕ್ಕಿಕೊಳ್ಳುವ ಪುಡಿಯ ವಾಸನೆ ಬಂತು. ಬಂತೆಂದು ನಾನೇ ಅಂದುಕೊಂಡೆನೋ ಏನೋ. ಆ ಪುಡಿಗೆ ವಾಸನೆ ಇರುತ್ತದೆಯೇ ಎಂಬುದು ಈಗಲೂ ನನಗೆ ಖಚಿತವಿಲ್ಲ. ಎಂಟು ವರ್ಷ ಖಾನೆಯಲ್ಲಿ ಬಿದ್ದ ಸ್ಕೇಲಿನ ಮೇಲೆ ಯಾವ ಧೂಳಾದರೂ ಕೂರಬಹುದು. ಆದರೂ ಸ್ಕೇಲು ಹಿಡಿದುಕೊಂಡು ನೆಲದ ಮೇಲೇ ಕೂತುಬಿಟ್ಟೆ. ಪಕ್ಕದ ಮೇಜಿನವನು ನೀರು ತಂದುಕೊಟ್ಟ.

ಮೊದಲು ನೆನಪಾದವರು ಅಕ್ಕೋರು.

ನಮ್ಮ ಧಾರವಾಡದ ಕಡೆ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತೇವೆ. ನನ್ನ ಮಗಳು ಜಿಮ್ನಾಸ್ಟಿಕ್ಸ್ ಕಲಿಯುತ್ತಿದ್ದ ಚಿಂಚವಡದ ಹಾಲಿನಲ್ಲಿ ಮಕ್ಕಳೆಲ್ಲ ಅವರನ್ನು ಮರಾಠಿಯಲ್ಲಿ ತಾಈ ಎಂದು ಕರೆಯುತ್ತಿದ್ದರು. ಅವರು ಬೆಳಗಾವಿಯವರು ಎಂದು ಗೊತ್ತಾದ ದಿನದಿಂದ ನನ್ನ ಬಾಯಲ್ಲಿ ಅಕ್ಕೋರು ಎಂದೇ ಬರತೊಡಗಿತು. ವಯಸ್ಸು ಐವತ್ತೈದರ ಆಸುಪಾಸು, ಗಿಡ್ಡ ಆಳು. ಒಂದು ಮೊಣಕೈ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಎಡಗೈಯೋ ಬಲಗೈಯೋ... ನೆನಪಿನಲ್ಲಿ ಒಮ್ಮೆ ಇದು, ಒಮ್ಮೆ ಅದು. ಯಾಕೆ ಹೀಗಾಯಿತೆಂದು ನಾನು ಯಾವತ್ತೂ ಕೇಳಲಿಲ್ಲ. ಮೂರು ವರ್ಷ ವಾರಕ್ಕೆ ಐದು ಸಂಜೆ ಅದೇ ಹಾಲಿನಲ್ಲಿ ಕೂತವನು ಅಷ್ಟನ್ನೂ ಕೇಳಲಿಲ್ಲ.

ತಗಡಿನ ಮಾಡಿನ ಹಳೆಯ ಬ್ಯಾಡ್ಮಿಂಟನ್ ಹಾಲು ಅದು. ರೆಕ್ಸಿನ್ ಹರಿದ ಮ್ಯಾಟುಗಳು, ಮೇಲೆ ನಿಂತು ನಡೆಯಲು ಎರಡು ಸಪೂರ ಬೀಮುಗಳು, ಜೋತಾಡಲು ಒಂದು ಜೋಡಿ ಬಾರು. ಬಾಗಿಲ ಪಕ್ಕದಲ್ಲಿ ತಂದೆತಾಯಿಗಳಿಗಾಗಿ ಒಂದು ಉದ್ದನೆಯ ಬೆಂಚು. ಬೆಂಚಿನ ಮುಖ ಗೋಡೆಗೆ, ಬೆನ್ನು ಮಕ್ಕಳಿಗೆ. ಹಾಗೆ ತಿರುಗಿಸಿ ಇಟ್ಟವರು ಅಕ್ಕೋರು. ಮೊದಲ ವಾರದಲ್ಲೇ ಒಂದು ದಿನ ನಾನು ನಗುತ್ತ ಕೇಳಿದೆ.

"ಅಕ್ಕೋರ, ನಾವೇನ ತಪ್ಪ ಮಾಡೇವ್ರಿ, ಗ್ವಾಡಿ ನೋಡಕೋತ ಕೂಡಾಕ?"

"ನೀವು ನೋಡಿದ್ರ ಅವ್ರು ನಿಮ್ಮನ್ನ ನೋಡ್ತಾರ," ಅಂದರು. "ಬೀಮ್ ಮ್ಯಾಲೆ ನಿಂತಾಗ ಕಾಲ ನೋಡಬೇಕ್ರಿ, ಅಪ್ಪನ ಮಾರಿ ಅಲ್ಲ."

ಅವರ ಇನ್ನೊಂದು ರೂಢಿ ನಮಗೆ ವಿಚಿತ್ರವೆನಿಸುತ್ತಿತ್ತು. ಯಾವ ಮಗುವನ್ನು ಮುಟ್ಟುವ ಮೊದಲೂ "ಹಾತ್ ಲಾವೂ ಕಾ?" ಎಂದು ಕೇಳುತ್ತಿದ್ದರು. ಕೈ ಹಚ್ಚಲೇನು ಎಂದು. ಸೊಂಟ ಹಿಡಿದು ಎತ್ತುವ ಮೊದಲು, ಬೆನ್ನು ನೆಟ್ಟಗೆ ಮಾಡುವ ಮೊದಲು, ಬೀಳದಂತೆ ಆಸರೆ ಕೊಡುವ ಮೊದಲು. ಒಂದೇ ಮಗುವಿಗೆ ಒಂದೇ ಸಂಜೆ ಇಪ್ಪತ್ತು ಸಲ ಕೇಳಿದರೂ ಪ್ರತಿ ಸಲ ಉತ್ತರಕ್ಕೆ ಕಾಯುತ್ತಿದ್ದರು. ಮಗು "ಬಸ್", ಸಾಕು, ಅಂದರೆ ಕೈ ತೆಗೆಯುತ್ತಿದ್ದರು. ಅರ್ಧಕ್ಕೇ ತೆಗೆಯುತ್ತಿದ್ದರು. ಯಾಕೆ, ಏನು, ಇನ್ನೊಂದು ಸ್ವಲ್ಪ ಎಂಬ ಮಾತೇ ಇಲ್ಲ.

ಬೆಂಚಿನ ಮೇಲೆ ಇದೇ ನಮ್ಮ ದೊಡ್ಡ ತಮಾಷೆ. ತಳೇಗಾಂವ ದಾಭಾಡೆಯಿಂದ ಮಗಳನ್ನು ಬೈಕಿನಲ್ಲಿ ಕರೆತರುತ್ತಿದ್ದ ಒಬ್ಬ ಅಪ್ಪ ನನ್ನ ಪಕ್ಕದಲ್ಲೇ ಕೂರುತ್ತಿದ್ದರು. "ಮುಂದಿನ ತಿಂಗಳಿಂದ ತಾಈ ಅರ್ಜಿ ಫಾರಂ ತುಂಬಿಸಿಕೊಳ್ಳುತ್ತಾರಂತೆ, ಮೂರು ಪ್ರತಿ, ಫೋಟೋ ಸಮೇತ," ಎಂದು ಮರಾಠಿಯಲ್ಲಿ ಪಿಸುಗುಡುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನು.

ಗೋಡೆಗೆ ಮುಖ ಮಾಡಿ ಕೂತ ನಾವು ಗೋಡೆಯನ್ನು ನೋಡುತ್ತಿದ್ದೆವು ಎಂದು ಯಾರೂ ತಿಳಿಯಬಾರದು. ಮೊಬೈಲನ್ನು ಮುಖದ ಮುಂದೆ ಹಿಡಿದು, ಸೆಲ್ಫಿ ತೆಗೆಯುವ ಕ್ಯಾಮೆರಾ ಹಾಕಿ, ಹೆಗಲ ಮೇಲಿಂದ ಹಿಂದಿನದನ್ನೆಲ್ಲ ನೋಡುತ್ತಿದ್ದೆವು. ಹತ್ತು ಹನ್ನೆರಡು ಜನ, ಒಂದೇ ಸಾಲಿನಲ್ಲಿ, ಹತ್ತು ಹನ್ನೆರಡು ಮೊಬೈಲು. ಪ್ರತಿಯೊಂದು ತೆರೆಯಲ್ಲೂ ಅರ್ಧ ನಮ್ಮದೇ ಮುಖ, ಉಳಿದರ್ಧದಲ್ಲಿ ಎಲ್ಲೋ ಬೆರಳಷ್ಟು ಗಾತ್ರದ ಮಗಳು. ಅವಳು ಬಿದ್ದರೆ ನಮ್ಮ ಮುಖ ಹುಳ್ಳಗಾಗುವುದೂ ಅದರಲ್ಲೇ ಕಾಣುತ್ತಿತ್ತು. ಬೇರೆಯವರ ಮಗಳು ಬಿದ್ದಾಗ ಏನಾಗುತ್ತಿತ್ತು ಎಂಬುದೂ ಕಾಣುತ್ತಿತ್ತು. ಅದನ್ನು ಬರೆಯಲು ಅಸಹ್ಯವಾಗುತ್ತದೆ. ಬೇರೆ ಹುಡುಗಿ ಬಿದ್ದಾಗ ನನ್ನ ತುಟಿಯ ಮೂಲೆ ಸಣ್ಣಗೆ ಮೇಲೇಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈಗ ಸ್ಕೇಲಿನ ವಿಷಯ. ಅದನ್ನು ಹಾಲಿಗೆ ತಂದವನು ನಾನು.

ಮಗಳು ಮೇಘಾಗೆ ಆಗ ಹನ್ನೆರಡು. ಒಂದು ಕಾಲು ಮುಂದೆ, ಒಂದು ಹಿಂದೆ ಚಾಚಿ ನೆಲಕ್ಕೆ ಕೂರುವ ಸ್ಪ್ಲಿಟ್ ಅವಳಿಗೆ ಪೂರ್ತಿ ಕೂರುತ್ತಿರಲಿಲ್ಲ. ತೊಡೆಗೂ ನೆಲಕ್ಕೂ ನಡುವೆ ಸ್ವಲ್ಪ ಸಂದು ಉಳಿಯುತ್ತಿತ್ತು. ದಿನವಿಡೀ ಸಂದು ಅಳೆಯುವುದೇ ನನ್ನ ಕೆಲಸ. ಮನೆಯ ಟೈಲ್ಸ್ ಮೇಲೆ ಅವಳನ್ನು ಕೂರಿಸಿ, ಸ್ಕೇಲು ನಿಲ್ಲಿಸಿ ಅಳೆದೆ. ಮೂವತ್ತೆಂಟು ಮಿಲಿಮೀಟರು. ಮಾರನೆಯ ದಿನ ಮೂವತ್ತಾರು. ಫ್ರಿಜ್ಜಿನ ಮೇಲೆ ಒಂದು ಹಾಳೆ ಅಂಟಿಸಿ ಬರೆಯತೊಡಗಿದೆ. ಬೆಂಚಿನ ಮೇಲೆ ಹೇಳಿದಾಗ ಎಲ್ಲರಿಗೂ ಬೇಕೆನಿಸಿತು. ಆಗ ಕಾರ್ಖಾನೆಯಲ್ಲಿ ನೈಲಾನಿನ ತುಂಡುಗಳಿಂದ ನಲವತ್ತು, ಮೂವತ್ತು, ಇಪ್ಪತ್ತು, ಹತ್ತು ಮಿಲಿಮೀಟರಿನ ಗೇಜುಗಳನ್ನು ಕೊರೆಸಿದೆ. ಅಂಚು ಚುಚ್ಚಬಾರದೆಂದು ಮೂಲೆಗಳನ್ನು ದುಂಡಗೆ ಮಾಡಿಸಿದೆ. ಅಷ್ಟು ಕರುಣೆ ಇತ್ತು.

ಕ್ಲಾಸು ಮುಗಿದ ಮೇಲೆ, ಅಕ್ಕೋರು ಬೀಮುಗಳಿಗೆ ಹೊದಿಕೆ ಹಾಕುವ ಹತ್ತು ನಿಮಿಷದಲ್ಲಿ, ಹಿಂದಿನ ಕೋಣೆಯಲ್ಲಿ ನಾವು ಅಳೆಯುತ್ತಿದ್ದೆವು. ಹುಡುಗಿಯರು ಸಾಲಾಗಿ ಕೂರುತ್ತಿದ್ದರು. ಗೇಜು ತೊಡೆಯ ಕೆಳಗೆ ನುಗ್ಗಿದರೆ "ರಿಜೆಕ್ಟ್!" ಎಂದು ಯಾರಾದರೂ ಕೂಗುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಹುಡುಗಿಯರೂ ನಗುತ್ತಿದ್ದರು ಎಂದು ನನ್ನ ನೆನಪು. ಈ ನೆನಪನ್ನು ನಾನು ನಂಬುವುದಿಲ್ಲ. ಅದು ನನಗೆ ಬಹಳ ಅನುಕೂಲವಾಗಿದೆ.

ಒಂದು ಸಂಜೆ ಅಕ್ಕೋರು ಆ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ತಿಳಿಯದು. ಸಿಟ್ಟು ಮಾಡಲಿಲ್ಲ.

"ಮೇಘಾನ ಅಪ್ಪಾರ, ಏನ್ರಿ ಇದು?"

"ಗೇಜ್ ರೀ ಅಕ್ಕೋರ."

"ಗೇಜ್ ಅಂದ್ರ?"

"ಕಂಪನಿಯೊಳಗ ಪೀಸ್ ಬರೋಬರಿ ಅದನೋ ಇಲ್ಲೋ ನೋಡಾಕ ಇಟ್ಟಿರ್ತೀವ್ರಿ. ಇದು ಸಂದಿಯೊಳಗ ಹೋತು ಅಂದ್ರ ಪೀಸ್ ರಿಜೆಕ್ಟ್."

"ರಿಜೆಕ್ಟ್ ಆದದ್ದನ್ನ ಏನ ಮಾಡ್ತೀರಿ?"

"ಕೆಂಪ ಡಬ್ಬಿಗೆ ಹಾಕ್ತೀವ್ರಿ. ಆಮ್ಯಾಲೆ ಸ್ಕ್ರ್ಯಾಪ್."

ಅವರು ಗೇಜನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ದುಂಡಗೆ ಮಾಡಿದ ಮೂಲೆಗಳ ಮೇಲೆ ಹೆಬ್ಬೆರಳು ಆಡಿಸಿದರು. "ಭಾಳ ಚಂದ ಮಾಡಿಸೀರಿ," ಅಂದರು. ಆಮೇಲೆ ನೆಲದ ಮೇಲೆ ಇನ್ನೂ ಕಾಲು ಚಾಚಿಕೊಂಡೇ ಕೂತಿದ್ದ ನನ್ನ ಮಗಳನ್ನು ತೋರಿಸಿ, "ಹಂಗಾರ ಇಕಿನ್ನ ಯಾವ ಡಬ್ಬಿಗೆ ಹಾಕ್ತೀರಿ, ಹೇಳ್ರಿ," ಅಂದರು.

ನಮ್ಮ ಮಾತು ಕನ್ನಡದಲ್ಲಿ ನಡೆದಿದ್ದರಿಂದ ಉಳಿದವರಿಗೆ ತಿಳಿಯಲಿಲ್ಲ. ಮೇಘಾಗೆ ತಿಳಿಯಿತು. ಅವಳು ಕಾಲು ಮಡಚಿಕೊಂಡು ಎದ್ದಳು. ನನಗೆ ಅವಮಾನವಾಯಿತು. ನಾಚಿಕೆಯಾಗಬೇಕಿದ್ದ ಜಾಗದಲ್ಲಿ ಅವಮಾನವಾಯಿತು. ತಳೇಗಾಂವದ ಅಪ್ಪ "ಏನಂದರು?" ಎಂದು ಕೇಳಿದಾಗ, "ಮಕ್ಕಳು ಮೇಲೆ ಬರುವುದು ತಾಈಗೆ ಬೇಕಾಗಿಲ್ಲ" ಎಂದು ಮರಾಠಿಗೆ ಅನುವಾದ ಮಾಡಿ ಹೇಳಿದೆ.

ಆ ವರ್ಷ ಜಿಲ್ಲಾ ಸ್ಪರ್ಧೆಯಲ್ಲಿ ನಮ್ಮ ಹಾಲಿನ ಹುಡುಗಿಯರಿಗೆ ಒಂದೂ ಪದಕ ಬರಲಿಲ್ಲ. ಯಾರೂ ಬಿದ್ದು ಏಟು ಮಾಡಿಕೊಳ್ಳಲಿಲ್ಲ, ಯಾರೂ ಅಳುತ್ತ ಹೊರಗೆ ಬರಲಿಲ್ಲ. ಪದಕ ಬರಲಿಲ್ಲ, ಅಷ್ಟೆ. ನಾವೆಲ್ಲ ಮಿಸಳ್ ತಿಂಡಿಯ ಒಂದು ಅಂಗಡಿಯಲ್ಲಿ ಸೇರಿದೆವು. ಹಾಲು ನಡೆಸುವ ಕಮಿಟಿಗೆ ಪತ್ರ ಬರೆಯುವುದೆಂದು ತೀರ್ಮಾನವಾಯಿತು. ಬರೆಯುವುದು ಯಾರು? ದಿನಾ ರಿಪೋರ್ಟು ಬರೆಯುವವನು ನಾನೇ ತಾನೆ. ಕಾರ್ಖಾನೆಯಲ್ಲಿ ಕೆಟ್ಟ ಮಾಲು ಬಂದಾಗ ಪೂರೈಕೆದಾರರಿಗೆ ಬರೆಯುತ್ತೇವಲ್ಲ, ಅದೇ ನಮೂನೆಯಲ್ಲಿ ಬರೆದೆ. ಕಂಡುಬಂದ ದೋಷ, ದೋಷದ ಮೂಲ, ಸರಿಪಡಿಸುವ ಕ್ರಮ. ತರಬೇತುದಾರರು ಪ್ರತಿಯೊಂದಕ್ಕೂ ಮಕ್ಕಳ ಒಪ್ಪಿಗೆ ಕೇಳುವುದರಿಂದ ಮಕ್ಕಳು ಹಟಮಾರಿಗಳಾಗಿದ್ದಾರೆ ಎಂದು ಬರೆದೆ. ನೋವು ಸಹಿಸುವ ಅಭ್ಯಾಸ ತಪ್ಪಿಹೋಗಿದೆ ಎಂದು ಬರೆದೆ. ಬೆಂಚಿನವರೆಲ್ಲ ಸಹಿ ಹಾಕಿದರು. ಹಾಳೆಯ ಮೇಲೆ ಮಿಸಳಿನ ಖಾರದ ರಸದ ಕೆಂಪು ಎಣ್ಣೆಯ ಹನಿ ಬಿದ್ದಿತ್ತು. ಶುದ್ಧ ಪ್ರತಿ ಮಾಡಿ ಮತ್ತೆ ಸಹಿ ಹಾಕಿಸಿದೆ.

ಕಮಿಟಿಯವರು ಅಕ್ಕೋರನ್ನು ಬಿಡಿಸಿದರು. ಹಾಲಿನಲ್ಲಿ ಅವರ ಕೊನೆಯ ದಿನದ ಒಂದು ಚಿತ್ರ ನನ್ನ ಮನಸ್ಸಿನಲ್ಲಿದೆ. ಕ್ಲಾಸು ಮುಗಿದ ಮೇಲೆ ಹಾಲಿನ ನಡುವೆ ನಿಂತು, ಮಕ್ಕಳ ತಲೆಗಳ ಮೇಲಿಂದ ನೇರವಾಗಿ ನನ್ನನ್ನು ಒಂದು ಕ್ಷಣ ನೋಡುತ್ತಾರೆ. ಆ ನೋಟದಲ್ಲಿ ಸಿಟ್ಟಿಲ್ಲ. ಬೇಸರವಿದೆ, ಬಹುಶಃ ಕ್ಷಮೆಯೂ ಇದೆ... ವರ್ಷಗಟ್ಟಲೆ ಈ ಚಿತ್ರವನ್ನು ಜೋಪಾನ ಮಾಡಿಕೊಂಡಿದ್ದೆ. ಈಗ ಬರೆಯುವಾಗ ಹೊಳೆಯಿತು. ಆ ಸಂಜೆ ನಾನು ಬೆಂಚಿನ ಮೇಲಿದ್ದೆ, ಗೋಡೆಗೆ ಮುಖ ಮಾಡಿ. ನಾಚಿಕೆಯಿಂದಲೋ ಹೇಡಿತನದಿಂದಲೋ ಮೊಬೈಲೂ ಹೊರಗೆ ತೆಗೆದಿರಲಿಲ್ಲ. ಅವರು ನೋಡಿದ್ದರೂ ನನ್ನ ಬೆನ್ನನ್ನು ನೋಡಿರಬೇಕು. ಹಾಗಾದರೆ ಆ ಕ್ಷಮೆಯನ್ನು ಕಲ್ಪಿಸಿಕೊಂಡವನು ನಾನೇ.

ಹೊಸ ಸರ್ ಬಂದರು. ಬಂದ ದಿನವೇ ಬೆಂಚನ್ನು ಮಕ್ಕಳ ಕಡೆ ತಿರುಗಿಸಿದರು. ನಾವು ಚಪ್ಪಾಳೆ ತಟ್ಟಿದೆವು. ನಿಜವಾಗಿಯೂ ತಟ್ಟಿದೆವು, ಅದು ಸುಳ್ಳು ನೆನಪಲ್ಲ. ಬೆಂಚಿನ ಪಕ್ಕಕ್ಕೆ ತೂಕದ ಯಂತ್ರ ಬಂತು. ಸೋಮವಾರಕ್ಕೊಮ್ಮೆ ಮಕ್ಕಳು ಎಲ್ಲರೆದುರು ಅದರ ಮೇಲೆ ನಿಲ್ಲಬೇಕು, ಸರ್ ಅಂಕಿಯನ್ನು ಗಟ್ಟಿಯಾಗಿ ಓದುತ್ತಾರೆ. ಒಬ್ಬ ತಾಯಿ ತನ್ನ ಮಗಳ ಡಬ್ಬಿಯಿಂದ ಒಂದೊಂದೇ ಚಪಾತಿ ಕಡಿಮೆ ಮಾಡುತ್ತ ಬಂದಳು. ನಾವು ಅವಳನ್ನು ಬಲು ನಿಷ್ಠೆಯ ತಾಯಿ ಎಂದು ಹೊಗಳಿದೆವು.

ಎರಡನೆಯ ವಾರ ಸರ್ ನಮ್ಮನ್ನು ಮ್ಯಾಟಿನ ಮೇಲೆ ಕರೆದರು. ನಿಮ್ಮ ಮಗು, ನಿಮ್ಮ ಕೈ, ಅಂದರು. ಸ್ಪ್ಲಿಟ್‌ಗೆ ಕೂತ ಮಗುವಿನ ಮುಂದಿನ ಕಾಲಿನ ಹಿಮ್ಮಡಿಯನ್ನು ದಪ್ಪ ಮ್ಯಾಟಿನ ಮೇಲಿಟ್ಟು ತಂದೆಯೋ ತಾಯಿಯೋ ಮೇಲಿನಿಂದ ಒತ್ತಬೇಕು. ಸರ್ ಹತ್ತರವರೆಗೆ ಎಣಿಸುತ್ತಾರೆ. ನಾನು ಬೂಟು ಕಳಚಿ, ಪ್ಯಾಂಟು ಮಡಚಿ, ಮಗಳ ಪಕ್ಕದಲ್ಲಿ ಮಂಡಿಯೂರಿದೆ. ಕೈ ಹಚ್ಚಲೇನು ಎಂದು ಕೇಳಲಿಲ್ಲ. ನನ್ನ ಮಗಳಲ್ಲವೇ.

ಮುಂದಿನದಕ್ಕೆ ಎರಡು ಕತೆಗಳಿವೆ. ನನ್ನ ಕತೆಯಲ್ಲಿ ಸರ್ ಎಂಟು ಎಣಿಸಿದಾಗ ಅವಳು "ಸಾಕಪ್ಪಾ" ಅಂದಳು, ಇನ್ನೆರಡೇ ಎಣಿಕೆ ಎಂದು ನಾನು ಹಿಡಿದುಕೊಂಡೆ. ಮೇಘಾಳ ಕತೆಯಲ್ಲಿ ಅವಳು ಮೂರಕ್ಕೇ ಅಂದಳು. ಮೊದಲು ಮರಾಠಿಯಲ್ಲಿ "ಬಸ್" ಅಂದಳು, ಆಮೇಲೆ ಕನ್ನಡದಲ್ಲಿ "ಸಾಕು" ಅಂದಳು, ಆಮೇಲೆ ನನ್ನ ಅಂಗಿಯ ತೋಳು ಹಿಡಿದು ಎಳೆದಳು. ಸರ್ "ಅಜೂನ್, ಅಜೂನ್," ಇನ್ನೂ ಇನ್ನೂ, ಅಂದರು. ನಾನು ಬೆಂಚಿನ ಕಡೆ ನೋಡಿ ನಕ್ಕೆ. ತೋಳಿನ ಗುಂಡಿ ಕಿತ್ತುಹೋಗಿದ್ದು ನಿಜ. ನನ್ನ ಹೆಂಡತಿ ಅದನ್ನು ಹೊಲಿದಳು. ಆದ್ದರಿಂದ ನಾನು ನನ್ನ ಕತೆಯನ್ನು ಹೇಳುವುದನ್ನು ಬಿಟ್ಟಿದ್ದೇನೆ.

ನನ್ನ ಅಂಗೈಯ ಕೆಳಗೆ ಏನೋ ಹರಿಯಿತು. ಒದ್ದೆ ಬಟ್ಟೆ ಹರಿದ ಹಾಗೆ. ಸದ್ದು ಕೇಳಿತೋ, ಅಂಗೈಗೆ ತಿಳಿಯಿತೋ... ತೊಡೆ ನೆಲಕ್ಕೆ ತಾಗಿತು. ಸರ್ "ಶಾಬ್ಬಾಸ್!" ಅಂದರು. ಮೇಘಾ ಅಳಲಿಲ್ಲ, ಅವಳ ತುಟಿ ಬೆಳ್ಳಗಾಗಿತ್ತು. ನಾನು ಜೇಬಿನಿಂದ ಸ್ಕೇಲು ತೆಗೆದು ಸಂದು ನೋಡಿದೆ. ಹೌದು, ಆಗಲೇ ತೆಗೆದೆ. ಸಂದು ಇರಲಿಲ್ಲ. "ಝೀರೋ!" ಎಂದು ಬೆಂಚಿಗೆ ಕೂಗಿ ಹೇಳಿದೆ.

ತೊಡೆಯ ಹಿಂಭಾಗದ ಸ್ನಾಯು ತಾನು ಅಂಟಿಕೊಂಡ ಕಡೆ ಮೂಳೆಯ ಒಂದು ಚೂರನ್ನೂ ಕಿತ್ತುಕೊಂಡು ಬಂದಿದೆ ಎಂದು ಡಾಕ್ಟರು ಹೇಳಿದರು. "ಹೇಗಾಯಿತು?" ಎಂದು ಮೇಘಾಳನ್ನು ಕೇಳಿದರು. "ಬಿದ್ದೆ," ಅಂದಳು. ನಾನು ಅಲ್ಲೇ ಕುರ್ಚಿಯಲ್ಲಿ ಕೂತಿದ್ದೆ. ಬಿದ್ದಳು ಎಂದು ನಾನೂ ತಲೆಯಾಡಿಸಿದೆ.

ಆರು ವಾರ ಹಾಸಿಗೆ. ಜಿಮ್ನಾಸ್ಟಿಕ್ಸ್ ಅಲ್ಲಿಗೆ ಮುಗಿಯಿತು. ಸರ್ ಒಮ್ಮೆ ಫೋನ್ ಮಾಡಿ, ಅವಳ ಜಾಗಕ್ಕೆ ಬೇರೆ ಮಗುವನ್ನು ತೆಗೆದುಕೊಂಡಿದ್ದೇವೆ, ಬೇಜಾರಿಲ್ಲವಲ್ಲ, ಅಂದರು. ತಳೇಗಾಂವದ ಅಪ್ಪ ಒಂದು ಸಲ ಹಣ್ಣು ಹಿಡಿದುಕೊಂಡು ಬಂದರು. ಗೇಜುಗಳನ್ನು ಇಟ್ಟುಕೊಳ್ಳಬಹುದೇ ಎಂದು ಕೇಳಿ ತೆಗೆದುಕೊಂಡು ಹೋದರು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ, ನಾನು ಡ್ಯೂಟಿಯಲ್ಲಿದ್ದಾಗ, ಅಕ್ಕೋರು ಮನೆಗೆ ಬಂದಿದ್ದರಂತೆ. ಹೆಂಡತಿ ನನಗೆ ತಿಂಗಳುಗಟ್ಟಲೆ ಹೇಳಲಿಲ್ಲ. ಹೇಳಿದಾಗಲೂ ಪಾತ್ರೆ ತೊಳೆಯುತ್ತ ಹೇಳಿದಳು.

"ಏನಂದ್ರು?" ಎಂದು ಕೇಳಿದೆ.

"ಏನೂ ಅನ್ಲಿಲ್ಲ. ಮಂಚದ ಬಾಜೂಕ ನಿಂತು, ಇಲ್ಲೆ ಕೂಡಲೇನವಾ ಅಂತ ಕೇಳಿದ್ರು. ಮೇಘಾ ಹೂಂ ಅಂದ ಮ್ಯಾಲೆ ಕೂತ್ರು. ಆವಾಗ ನೋಡ್ರಿ, ಈ ಹುಡುಗಿ ಅತ್ತದ್ದು. ಅಲ್ಲೀತನಕ ಅತ್ತಿದ್ದಿಲ್ಲ."

ಅವರ ಮನೆ ಹುಡುಕಿಕೊಂಡು ಹೋಗಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಅಕ್ಕೋರು ಭೋರ್‌ನಲ್ಲಿ ತಂಗಿಯ ಮನೆಗೆ ಹೋಗಿದ್ದಾರೆ ಎಂದು ಯಾರೋ ಹೇಳಿದ್ದರು. ದೂರವೇನಲ್ಲ. ಅಲ್ಲಿಗೆ ಹೋಗಿ ಏನು ಹೇಳಬೇಕು ಎಂಬುದನ್ನು ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ, ಸ್ನಾನದ ಮನೆಯಲ್ಲಿ ಅಭ್ಯಾಸ ಮಾಡಿದೆ. ಎಂಟು ವರ್ಷ ಅಭ್ಯಾಸ ಮಾಡಿದೆ. ಪ್ರತಿ ಸಲವೂ ಅಕ್ಕೋರು ಕೊನೆಯಲ್ಲಿ "ಇರಲಿ ಬಿಡ್ರಿ" ಅನ್ನುತ್ತಿದ್ದರು. ಅವರ ಮಾತನ್ನೂ ನಾನೇ ಆಡುತ್ತಿದ್ದೆನಲ್ಲ.

ಈ ರವಿವಾರ ಸಂಜೆ ಊಟಕ್ಕೆ ಕೂತಾಗ ಮಾತು ತೆಗೆದೆ. ಮೇಘಾಗೆ ಈಗ ಇಪ್ಪತ್ತು, ಕಾಲೇಜು ಮುಗಿಯುತ್ತ ಬಂದಿದೆ. ತುಸು ಹೊತ್ತು ಕೂತು ಎದ್ದರೆ ಎಡಗಾಲನ್ನು ಒಂದು ಕ್ಷಣ ಎಳೆಯುತ್ತಾಳೆ. ನೋವಾಗುತ್ತದೆಯೇ ಎಂದು ಕೇಳಿದರೆ ಇಲ್ಲ ಅನ್ನುತ್ತಾಳೆ. ಜ್ವರ ಬಂದರೂ ಇಲ್ಲ ಅನ್ನುತ್ತಾಳೆ.

"ಮೇಘಾ, ಒಂದು ದಿನ ಭೋರ್‌ಗೆ ಹೋಗಿ ಅಕ್ಕೋರನ್ನ ನೋಡಿ ಬರೂಣೇನು?"

ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ಹೆಂಡತಿಯನ್ನು ನೋಡಿದಳು. ಹೆಂಡತಿ ಪಲ್ಯದ ಪಾತ್ರೆಯನ್ನು ನೋಡಿದಳು.

"ಅವ್ರು ಹೋಗಿ ನಾಕ್ ತಿಂಗಳಾತಪ್ಪಾ," ಅಂದಳು.

"ಎಲ್ಲಿಗೆ?" ಎಂದು ಕೇಳಿದೆ. ಕೇಳಿದ ಮೇಲೆ ತಿಳಿಯಿತು.

ಎರಡು ವರ್ಷದಿಂದ ಪ್ರತಿ ಶನಿವಾರ ಗೆಳತಿಯ ಮನೆಗೆ ಓದಲು ಹೋಗುತ್ತೇನೆಂದು ಹೇಳಿ ಅವಳು ಹೋಗುತ್ತಿದ್ದುದು ಅಲ್ಲಿಗೆ. ಸ್ವಾರಗೇಟಿನಿಂದ ಬಸ್ಸು ಹಿಡಿದು. ಅಲ್ಲಿಯ ಒಂದು ಶಾಲೆಯ ಪಡಸಾಲೆಯಲ್ಲಿ ಅಕ್ಕೋರು ಎಂಟು ಹತ್ತು ಹುಡುಗಿಯರಿಗೆ ಕಲಿಸುತ್ತಿದ್ದರಂತೆ. ಮ್ಯಾಟುಗಳಿಲ್ಲ, ಹಳೆಯ ಹತ್ತಿಯ ಗಾದಿಗಳು. ಕೊನೆಗೆ ಅವರಿಗೆ ಬಗ್ಗಲು ಆಗುತ್ತಿರಲಿಲ್ಲ. ಅವರು ಕುರ್ಚಿಯಲ್ಲಿ ಕೂತು ಹೇಳುತ್ತಿದ್ದರು, ಮೇಘಾ ಮಕ್ಕಳನ್ನು ಹಿಡಿಯುತ್ತಿದ್ದಳು. ಅವರು ಹೋದ ಮೇಲೂ ಅವಳು ನಿಲ್ಲಿಸಿಲ್ಲ. ಇದೆಲ್ಲ ನನ್ನ ಹೆಂಡತಿಗೆ ಮೊದಲಿನಿಂದ ಗೊತ್ತಿತ್ತು.

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಬರ್ತಿದ್ದಿ."

ಒಂದೇ ಮಾತು ಉಳಿದಿತ್ತು. ಕೇಳಬಾರದಿತ್ತು, ಕೇಳಿದೆ.

"ನನ್ನ ಬಗ್ಗೆ ಏನಂತಿದ್ರು?"

ಮೇಘಾ ಯೋಚಿಸಿದಳು. ನನ್ನನ್ನು ನೋಯಿಸಬಾರದೆಂದು ಯೋಚಿಸುತ್ತಿರಲಿಲ್ಲ. ನಿಜವಾಗಿಯೂ ನೆನಪು ಮಾಡಿಕೊಳ್ಳುತ್ತಿದ್ದಳು.

"ನಿಂದು ಸುದ್ದೀನ ಬರ್ತಿದ್ದಿಲ್ಲಪ್ಪಾ," ಅಂದಳು.

ಹೆಂಡತಿ ಅನ್ನ ಬಡಿಸಿದಳು. ನಾನು ಸಾರು ಹಾಕಿಕೊಂಡೆ, ಕಲಸಿಕೊಂಡೆ. ಅಕ್ಕೋರು ಯಾವ ಕಾಯಿಲೆಯಿಂದ ಹೋದರು, ಮೊಣಕೈಗೆ ಏನಾಗಿತ್ತು, ಕೊನೆಗೆ ಬೆಳಗಾವಿಗೆ ಹೋಗಬೇಕೆಂದರೇ... ಇದೆಲ್ಲ ಮಗಳಿಗೆ ಗೊತ್ತಿರುತ್ತದೆ. ನನಗೆ ಅದನ್ನು ಕೇಳುವ ಹಕ್ಕು ಇದ್ದಂತೆ ಕಾಣಲಿಲ್ಲ.

"ಈ ಶನಿವಾರ ನಾನೂ ಬರಲೇನು?" ಅಂದೆ. "ಹೊರಗ ನಿಂದರ್ತೀನಿ. ಒಳಗ ಬರೂದಿಲ್ಲ."

"ಬ್ಯಾಡ."

ಯಾಕೆ ಎಂಬುದು ಬಾಯಿಯವರೆಗೆ ಬಂತು. ಒಮ್ಮೆ ಮಾತ್ರ ಎಂಬುದೂ ಬಂತು. ಹತ್ತೇ ನಿಮಿಷ ಎಂಬುದೂ. ಮೇಘಾ ಕೈಯಲ್ಲಿ ತುತ್ತು ಹಿಡಿದುಕೊಂಡೇ ನನ್ನ ಮುಖ ನೋಡುತ್ತ ಕಾಯುತ್ತಿದ್ದಳು.

"ಹೂಂ," ಅಂದೆ.

ಅವಳು ಊಟ ಮುಂದುವರಿಸಿದಳು.